ರೋಬೊ ಮರಳಿ ಬಂತು, ಅದರ ಹಿಡಿ ಬರಲಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ಆರ್ಕೇಡ್ ಆಟಗಳು (ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳವು) ಟಿವಿಗೆ ಜೋಡಿಸುವ ಮನೆಯ ಕನ್ಸೋಲ್‌ಗೆ ಮರಳುತ್ತಿರುವುದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಚಿತ್ರ ಎಷ್ಟು ಚೊಕ್ಕವಾಗಿದೆ, ಬೆಲೆ ಎಷ್ಟು ಎಂಬಲ್ಲಿಗೆ ಮಾತು ಮುಗಿಸುತ್ತಾರೆ. ಸೆಗಾ ಕಂಪನಿಯ ರೋಬೊ ಕಾಳಗ 'ವರ್ಚುವಲ್ ಆನ್' ವಿಷಯದಲ್ಲಿ ಅಷ್ಟು ಸಾಲದು. ಅದರ ಅರ್ಧ ಆಟ ಪರದೆಯ ಮೇಲಿದ್ದರೆ, ಉಳಿದರ್ಧ ಎರಡು ಕೈಯಲ್ಲಿ ಹಿಡಿಯುವ ಲಿವರ್‌ಗಳಲ್ಲಿದೆ.

ಮೊದಲ ಆಟ ಬಂದದ್ದು 1995ರಲ್ಲಿ. ಜೂರೊ ವಾತಾರಿ ಅದರ ಹಿಂದಿನ ತಲೆ, ರೋಬೊಗಳ ರೂಪ ಹಾಜಿಮೆ ಕಾತೋಕಿಯವರದು. 1998ರ ಎರಡನೇ ಭಾಗ 'ಒರಟೋರಿಯೊ ಟ್ಯಾಂಗ್ರಾಮ್' ಸೆಗಾದ ಮಾಡೆಲ್ 3 ಆರ್ಕೇಡ್ ಯಂತ್ರದಲ್ಲಿ ಓಡಿತು, ಮರುವರ್ಷ ಜಪಾನಿನಲ್ಲಿ ಸೆಗಾದ್ದೇ ಮನೆಯ ಕನ್ಸೋಲ್ ಡ್ರೀಮ್‌ಕಾಸ್ಟ್‌ಗೂ ಇಳಿಯಿತು. ಇದೇ ಆಟದ 5.66 ಆವೃತ್ತಿ 2009ರ ಏಪ್ರಿಲ್ 29ರಂದು ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿಗೆ ಬಂದಿತು. ಆಗಿನ ಬೆಲೆ 1,200 ಮೈಕ್ರೋಸಾಫ್ಟ್ ಪಾಯಿಂಟ್ (ಆ ಅಂಗಡಿಯಲ್ಲಿ ಆಗ ನಡೆಯುತ್ತಿದ್ದ ನಾಣ್ಯ), ಅಂದರೆ 15 ಡಾಲರ್.

ಲಿವರ್‌ಗಳ ಕೆಲಸ ತಿಳಿಯಲು ಊರಲ್ಲಿ ಕೆರೆ ಹೂಳೆತ್ತುವ ಹಿಟಾಚಿಯನ್ನು ನೆನೆದರೆ ಸಾಕು. ಅದರ ಚೈನ್ ಓಡಿಸುವ ಎರಡೂ ಲಿವರ್ ಮುಂದಕ್ಕೆ ತಳ್ಳಿದರೆ ಬಂಡಿ ಮುಂದೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಾಡಿದರೆ ನಿಂತಲ್ಲೇ ತಿರುವು. ಇಲ್ಲೂ ಹಾಗೆಯೇ. ಎರಡನ್ನೂ ಒಂದೇ ಪಕ್ಕಕ್ಕೆ ಒತ್ತಿದರೆ ರೋಬೊ ಪಕ್ಕಕ್ಕೆ ಸರಿಯುತ್ತದೆ, ಎರಡನ್ನೂ ಹೊರಕ್ಕೆ ಅಗಲಿಸಿದರೆ ಜಿಗಿಯುತ್ತದೆ, ಒಳಕ್ಕೆ ಸೇರಿಸಿದರೆ ಕುಕ್ಕರಿಸುತ್ತದೆ. ಪ್ರತಿ ಹಿಡಿಯ ಮುಂದೆ ಗುಂಡು ಹಾರಿಸುವ ಟ್ರಿಗರ್, ನೆತ್ತಿಯಲ್ಲಿ ಟರ್ಬೊ ಗುಂಡಿ. ಎಡ ಟ್ರಿಗರ್‌ಗೆ ಎಡ ಆಯುಧ, ಬಲ ಟ್ರಿಗರ್‌ಗೆ ಬಲ ಆಯುಧ, ಎರಡೂ ಒತ್ತಿದರೆ ಮೂರನೆಯದು. ದಿಕ್ಕು ಹಿಡಿದು ಟರ್ಬೊ ಒತ್ತಿದರೆ ಆ ದಿಕ್ಕಿಗೆ ವೇಗದ ಓಟ. ಲೆಕ್ಕ ಹಾಕಿದರೆ ದಿಕ್ಕಿಗೆ ಎಂಟು, ಟ್ರಿಗರ್‌ಗೆ ಎರಡು, ಟರ್ಬೊಗೆ ಎರಡು, ಒಟ್ಟು 12 ಸ್ವಿಚ್. ಇಡೀ ಆಟ ಇಷ್ಟರಲ್ಲೇ ನಡೆಯುತ್ತದೆ.

ಹೊಸಬರು ಸೋಲುವುದು ಗುರಿ ತಪ್ಪಿ. ಓಡಾಟದ ನಡುವೆ ರೋಬೊ ಎದುರಾಳಿಗೆ ಬೆನ್ನು ತಿರುಗಿಸಿರುತ್ತದೆ, ಆಗ ಹಾರಿಸಿದ ಗುಂಡು ಗಾಳಿಪಾಲು. ತಿರುಗಿಸುತ್ತ ಕೂತರೆ ಅಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ. ಜಿಗಿದ ಕೂಡಲೇ ರೋಬೊ ತಾನಾಗಿ ಎದುರಾಳಿಯ ಕಡೆ ಮುಖ ಮಾಡುತ್ತದೆ. ಆದ್ದರಿಂದ ಲಿವರ್‌ಗಳನ್ನು ಅಗಲಿಸಿ ತಕ್ಷಣ ಒಳಕ್ಕೆ ಸೇರಿಸಿದರೆ ಜಿಗಿತ ಅಲ್ಲೇ ಕಡಿದು, ಗುರಿ ಮಾತ್ರ ಕೈಗೆ ಸಿಗುತ್ತದೆ. ಎರಡನೇ ತಪ್ಪು, ಓಡುತ್ತ ಓಡುತ್ತ ಸುಮ್ಮನೆ ಗುಂಡು ಹಾರಿಸುವುದು. ಓಟದ ಹೊಡೆತ ಮುಗಿದ ಮೇಲೆ ರೋಬೊ ಒಂದು ಕ್ಷಣ ಮರಗಟ್ಟಿ ನಿಲ್ಲುತ್ತದೆ. ಬಲ್ಲವರು ಅದಕ್ಕೇ ಕಾಯುತ್ತಿರುತ್ತಾರೆ. ಇನ್ನು ದೂರದಿಂದ ಸಣ್ಣ ಗುಂಡು ಸುರಿಸಿ ಪ್ರಯೋಜನವಿಲ್ಲ, ಎರಡನೇ ಭಾಗದಲ್ಲಿ ವಿ-ಆರ್ಮರ್ ಎಂಬ ಕವಚ ಅದನ್ನು ಚಿಮ್ಮಿಸಿಬಿಡುತ್ತದೆ. ಪೆಟ್ಟು ಬಿದ್ದಂತೆಲ್ಲ ಆ ಕವಚ ಸವೆಯುತ್ತದೆ.

ಈಗ ಪ್ಯಾಡ್‌ನ, ಅಂದರೆ ಕನ್ಸೋಲ್ ಜೊತೆ ಬರುವ ಕೈ ನಿಯಂತ್ರಕದ, ತಾಪತ್ರಯ. ಡ್ರೀಮ್‌ಕಾಸ್ಟ್ ಪ್ಯಾಡ್‌ನಲ್ಲಿ ಇದ್ದದ್ದೇ ಒಂದು ಕೋಲು. ಎಕ್ಸ್‌ಬಾಕ್ಸ್ ಪ್ಯಾಡ್‌ನಲ್ಲಿ ಎರಡಿವೆ, ಆದರೆ ಅವು ಹೆಬ್ಬೆರಳಿನವು, ದುಂಡು ಅಂಚಿನವು. ಲಿವರ್ ಎಂಟು ದಿಕ್ಕನ್ನಷ್ಟೇ ಬಲ್ಲದು, ಸ್ವಿಚ್ 'ಟಿಕ್' ಎಂದಾಗ ಕೈಗೆ ಗೊತ್ತಾಗುತ್ತದೆ. ಹೆಬ್ಬೆರಳು ಹೊರಕ್ಕೆ ತಳ್ಳುವಾಗ ತುಸು ಮೇಲಕ್ಕೆ ಜಾರಿದರೆ ಕೋಲು ಮೂಲೆಗೆ ಹೋಗಿ, ಜಿಗಿತದ ಬದಲು ಇನ್ನೇನೋ ಆಗುತ್ತದೆ. ಹಾಗಾಗಿ ಪ್ಯಾಡ್ ಹಿಡಿದವರು ಜಿಗಿತವನ್ನು ಗುಂಡಿಗೆ ವಹಿಸಿ ಆಡುವುದೇ ಜಾಣತನ. ಹೋರಿ ಕಂಪನಿ (ನಮ್ಮ ಹಟ್ಟಿಯ ಹೋರಿಯಲ್ಲ, ಜಪಾನಿನದು) 360ಕ್ಕೆಂದೇ ಅವಳಿ ಲಿವರ್ ತಯಾರಿಸಿತು, ಅದೂ ಮುಂಗಡ ಕಾದಿರಿಸಿದವರಿಗೆ ಮಾತ್ರ. ಪ್ಲೇಸ್ಟೇಷನ್ 4ಕ್ಕೆ ಲಿವರ್ ಮಾಡಲು ಹೊರಟದ್ದು ತೂಕದ ಯಂತ್ರ ಮಾಡುವ ತಾನಿತಾ! ಜನರಿಂದ ಹಣ ಕೂಡಿಸುವ ಮೊದಲ ಯತ್ನ ಗುರಿ ಮುಟ್ಟಲಿಲ್ಲ, ಎರಡನೆಯದರಲ್ಲಿ ಕೈಗೂಡಿತು.

ಹಾಗಾಗಿ ಆಸಕ್ತರು ತಾವೇ ಕಟ್ಟುತ್ತಾರೆ. ಬೇಕಾದದ್ದು ಎಂಟು ದಿಕ್ಕಿನ ಮೈಕ್ರೋಸ್ವಿಚ್ ಜಾಯ್‌ಸ್ಟಿಕ್ ಎರಡು, ಟ್ರಿಗರ್ ಮತ್ತು ಮೇಲ್ಗುಂಡಿ ಇರುವ ಹಿಡಿ ಎರಡು, 12 ಮಿ.ಮೀ. ಪ್ಲೈವುಡ್ ಪೆಟ್ಟಿಗೆ, ಒಂದು ಸ್ಟಾರ್ಟ್ ಗುಂಡಿ. ಎರಡೂ ಹಿಡಿ ಪೂರ್ತಿ ಒಳಕ್ಕೆ ಬಂದಾಗ ಗೆಣ್ಣಿಗೆ ಗೆಣ್ಣು ತಾಗದಷ್ಟು ಅಂತರವಿರಲಿ. ಉದ್ದ ಹಿಡಿ ಸನ್ನೆಗೋಲಿನಂತೆ ಪೆಟ್ಟಿಗೆಯನ್ನೇ ಮಗುಚುತ್ತದೆ. ಒಳಗೆ ಭಾರ ಇಡಿ ಇಲ್ಲವೇ ಮೇಜಿಗೆ ಕ್ಲಾಂಪ್ ಹಾಕಿ. ಮೊದಲು ಕೆಡುವುದು ಟ್ರಿಗರ್‌ನ ತಂತಿ. ಹಿಡಿ ಅಲ್ಲಾಡಿದಾಗಲೆಲ್ಲ ಅದು ಬುಡದಲ್ಲಿ ಬಾಗುತ್ತದೆ, ಒಂಟಿ ಎಳೆಯ ತಂತಿಯಾದರೆ ಬೇಗ ತುಂಡಾಗುತ್ತದೆ. ಹಲವು ಎಳೆಯ ಮೆದು ತಂತಿ ಹಾಕಿ, ಬುಡದಲ್ಲಿ ಒಂದು ಸುತ್ತು ಸಡಿಲ ಬಿಡಿ.

ವಿದ್ಯುತ್ ಭಾಗ ಕನ್ಸೋಲ್‌ಗೆ ತಕ್ಕಂತೆ ಬದಲಾಗುತ್ತದೆ. 360 ಅಪರಿಚಿತ ಪ್ಯಾಡ್ ಒಪ್ಪುವುದಿಲ್ಲ, ಆದ್ದರಿಂದ ಅದರದೇ ವೈರ್ ಪ್ಯಾಡ್ ಬಿಚ್ಚಿ ಅದರ ಬೋರ್ಡ್‌ಗೆ ಬೆಸುಗೆ ಹಾಕಬೇಕು. ಆ ಪ್ಯಾಡ್‌ನ ಟ್ರಿಗರ್ ಸ್ವಿಚ್ ಅಲ್ಲ, ಎಷ್ಟು ಒತ್ತಿದಿರೆಂದು ಅಳೆಯುವ ಪೊಟೆನ್ಶಿಯೋಮೀಟರ್; ರೆಸಿಸ್ಟರ್ ಇಲ್ಲದೆ ಬರೀ ಸ್ವಿಚ್ ಹಾಕಿದರೆ ಒತ್ತದಿದ್ದರೂ ಗುಂಡು ಹಾರಬಹುದು. ಪ್ಲೇಸ್ಟೇಷನ್ 4ಕ್ಕೆ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಚಿಪ್ ಬೋರ್ಡ್ ನಡೆಯುತ್ತದೆ, ಆದರೆ ದೃಢೀಕರಣವಿಲ್ಲದ ಪ್ಯಾಡ್‌ನ ಸಂಪರ್ಕ 8 ನಿಮಿಷಕ್ಕೆ ಕಡಿದುಹೋಗುತ್ತದೆ.

ಆಟ ಸೆಕೆಂಡಿಗೆ 60 ಚೌಕಟ್ಟಿನಲ್ಲಿ (ಫ್ರೇಮ್, ಅಂದರೆ ಪರದೆಯ ಒಂದೊಂದು ಚಿತ್ರ) ಓಡುತ್ತದೆ, ಒಂದಕ್ಕೆ 16.7 ಮಿಲಿಸೆಕೆಂಡ್. ಟಿವಿಯಲ್ಲಿ ಚಿತ್ರದ ತಡ ಕಡಿಮೆ ಮಾಡುವ ಗೇಮ್ ಮೋಡ್ ಹಾಕದಿದ್ದರೆ ಅಲ್ಲೇ ಹಲವು ಚೌಕಟ್ಟು ನಷ್ಟ. ಆನ್‌ಲೈನ್ ಕಾಳಗದಲ್ಲಿ ಬೆಂಗಳೂರಿನವರಿಗೆ ಇನ್ನೊಂದು ತೊಡಕು. ಟೋಕಿಯೊ ನೇರ ದೂರವೇ ಸುಮಾರು 6,700 ಕಿ.ಮೀ.; ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹೋಗಿ ಬರಲು 67 ಮಿಲಿಸೆಕೆಂಡ್, ಅಂದರೆ ನಾಲ್ಕು ಚೌಕಟ್ಟು. ಕೇಬಲ್ ಸುತ್ತಿಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಎಷ್ಟು ದುಡ್ಡಿನ ಪ್ಲಾನ್ ಹಾಕಿಸಿದರೂ ಇದು ಇಳಿಯದು. ಇದು ಪಕ್ಕದಲ್ಲಿ ಕೂತವರೊಡನೆ ಆಡುವ ಆಟ.

2024ರ ಜುಲೈ 29ಕ್ಕೆ 360ರ ಅಂಗಡಿ ಮುಚ್ಚಿತು. ಪ್ಲೇಸ್ಟೇಷನ್ 4ಕ್ಕೆ ಮೂರು ಭಾಗಗಳ ಸಂಕಲನ 2019ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಬಂದಿದೆ. ಆಟ ಒಳಗಿರುವ ಹಳೆಯ 360 ಕೊಳ್ಳುವವರು ಒಂದು ಪರೀಕ್ಷೆ ಮಾಡಿ: ನೆಟ್ ತಂತಿ ಕಿತ್ತು, ಹೊಸ ಪ್ರೊಫೈಲ್ ತೆರೆದು ಆಟ ಶುರು ಮಾಡಿ. ಪೂರ್ತಿ ಆಟ ತೆರೆದರೆ ಪರವಾನಗಿ ಆ ಯಂತ್ರದ ಮೇಲೇ ಇದೆ. ಮಾದರಿ ಆವೃತ್ತಿಯಷ್ಟೇ ಬಂದರೆ ಅದು ಮಾರುವವರ ಖಾತೆಗೋ ಬೇರೆ ಯಂತ್ರಕ್ಕೋ ಸೇರಿದ್ದು, ಅದಕ್ಕೆಂದು ಹೆಚ್ಚಿನ ಹಣ ಕೊಡಬೇಡಿ.

ಇತಿ,
ಆರ್ಕೇಡ್ ಯಂತ್ರಗಳ ಆಸಕ್ತ ಓದುಗ, ಬೆಂಗಳೂರು