ದಿನ ಎಣಿಸುವುದಾದರೆ ಒಟ್ಟಿಗೆ ಎಣಿಸಿ

ಮಾನ್ಯರೇ,

ಮನೆಯಿಂದ ಕೆಲಸ ಮಾಡುವವರ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರು ಬರೆದದ್ದನ್ನು ಓದಿದೆ. ಲುಂಗಿ ಉಟ್ಟುಕೊಂಡು, ಮಧ್ಯಾಹ್ನ ನಿದ್ದೆ ಹೊಡೆದು, ಒಂದನೇ ತಾರೀಕು ಸಂಬಳ ಎಣಿಸುವವರು ಎಂದಿದ್ದರು. ನಾನು ಲುಂಗಿ ಉಡುವುದಿಲ್ಲ. ಉಳಿದದ್ದಕ್ಕೆ ಉತ್ತರ ಕೊಡೋಣ ಅನ್ನಿಸಿತು.

ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಸೊಸೆ. ತವರು ಸಾಗರದ ಕಡೆ. ಕೆಲಸ ಬೆಂಗಳೂರಿನ ಕಂಪನಿಯೊಂದರಲ್ಲಿ, ಸಂಬಳದ ಲೆಕ್ಕ. ಪೇರೋಲ್ ಅಂತಾರೆ. ಬೇರೆ ಬೇರೆ ಕಂಪನಿಗಳ ಸಂಬಳದ ಪಟ್ಟಿಯನ್ನು ನಾವು ಮಾಡಿಕೊಡುತ್ತೇವೆ. ತಿಂಗಳ 22ರಿಂದ ಕೊನೆಯ ದಿನದವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ 7ರೊಳಗೆ ಟಿಡಿಎಸ್, ಅಂದರೆ ಸಂಬಳದಲ್ಲಿ ಹಿಡಿದ ತೆರಿಗೆ, 15ರೊಳಗೆ ಪಿಎಫ್ ಕಟ್ಟಬೇಕು. ತಪ್ಪಿದರೆ ದಂಡ. ಮಧ್ಯಾಹ್ನದ ನಿದ್ದೆ ಎಲ್ಲಿಂದ ಬರಬೇಕು?

ನನ್ನ ಮದುವೆ 2021ರ ಕೊನೆಯಲ್ಲಿ ಆಯಿತು. ಸಂಬಂಧ ತಂದವರು ಹೇಳಿದ್ದು ಹೀಗೆ: "ಒಂದೂವರೆ ಎಕರೆ ತೋಟ, ಹುಡುಗ ಒಳ್ಳೆಯವನು, ಆದರೆ ಊರಲ್ಲೇ ಇದ್ದಾನೆ." ಆ "ಆದರೆ" ಎಷ್ಟು ಭಾರದ್ದು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೇರಿಯಲ್ಲಿ ಹನ್ನೊಂದು ಮನೆ. ನಲವತ್ತು ದಾಟಿಯೂ ಮದುವೆಯಾಗದ ಗಂಡಸರು ನಾಲ್ವರು. ನನ್ನ ಗಂಡ ಐದನೆಯವರಾಗುತ್ತಿದ್ದರೋ ಏನೋ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಂದರೆ ಕೆಲಸ ಉಳಿಯುತ್ತದೆ ಎಂಬ ಧೈರ್ಯದ ಮೇಲೆ ನಾನು ಹೂಂ ಅಂದೆ. ಅವರ ದನಿ ಚೆನ್ನಾಗಿತ್ತು ಎನ್ನುವುದು ಬೇರೆ ವಿಷಯ.

ಈಗ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬರುವುದು ಕಡ್ಡಾಯ ಎಂದಿದೆ. ನಮ್ಮದೊಂದೇ ಅಲ್ಲ. ಟಿಸಿಎಸ್ 2023ರ ಅಕ್ಟೋಬರ್‌ನಿಂದಲೇ ಐದೂ ದಿನ ಕರೆಯಿತು. ಅಮೆಜಾನ್ 2025ರ ಜನವರಿಯಿಂದ. ಇನ್ಫೋಸಿಸ್ ಅದೇ ವರ್ಷ ತಿಂಗಳಿಗೆ 10 ದಿನ ಅಂತ ಮಾಡಿತು. ದೊಡ್ಡವರು ಮಾಡಿದ್ದನ್ನು ನೋಡಿ ಸಣ್ಣವರೂ ಮಾಡುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ. ಯಾರು ಎಷ್ಟು ದಿನ ಆಫೀಸಿಗೆ ಬಂದರು ಎಂಬ ಹಾಜರಿ ಫೈಲು ಕೊನೆಗೆ ಬರುವುದು ನನ್ನ ಕೈಗೇ. ಕಾರ್ಡು ಉಜ್ಜಿದ ಹೊತ್ತು ಅದರಲ್ಲಿ ಇರುತ್ತದೆ. ಈ ನಿಯಮ ಆಗಲೇ ತಂದಿರುವ ಒಂದು ಕಂಪನಿಯ ಹೋದ ತಿಂಗಳ ಫೈಲಿನಲ್ಲಿ ಒಬ್ಬರ ಸಾಲು: ಒಳಗೆ 10.04, ಹೊರಗೆ 10.31. ಮರುದಿನ ಒಳಗೆ 10.11, ಹೊರಗೆ 10.40. ಕಾಫಿ ಕುಡಿದು ಮನೆಗೆ ಹೋಗಿದ್ದಾರೆ, ಅಷ್ಟೇ. ನಿಯಮದ ಲೆಕ್ಕದಲ್ಲಿ ಅವರು ಹಾಜರು. ಅದೇ ಫೈಲಿನಲ್ಲಿ ಇನ್ನೊಬ್ಬರಿದ್ದರು. ಎರಡು ರಾತ್ರಿ ಹನ್ನೊಂದರ ತನಕ ಫೋನಿನಲ್ಲಿ ನನ್ನ ಜೊತೆಗಿದ್ದು ನೂರಾರು ಜನರ ಅರಿಯರ್ಸ್ (ಬಾಕಿ ಸಂಬಳ) ಸರಿಮಾಡಿಸಿದವರು. ಆ ಎರಡೂ ದಿನ ಅವರು ಗೈರು. ಅವರ ರಜೆಯಲ್ಲಿ ಎರಡು ದಿನ ಕಳೆದದ್ದು ನಾನೇ.

ಸರಿ, ಹೋಗಿಯೇ ನೋಡೋಣ ಅಂತ ಕಳೆದ ತಿಂಗಳು ಹೊರಟೆ. ಸೋಮವಾರ ಸಂಜೆ ಗಂಡ ಬೈಕಿನಲ್ಲಿ ಶಿರಸಿ ಪೇಟೆಗೆ ಬಿಟ್ಟರು, 18 ಕಿಲೋಮೀಟರ್. ರಾತ್ರಿ ಒಂಬತ್ತರ ಬಸ್ಸು. ಸುಮಾರು 400 ಕಿಲೋಮೀಟರ್ ಕಳೆದು ಬೆಳಿಗ್ಗೆ ಆರಕ್ಕೆ ಬೆಂಗಳೂರು, ಅಲ್ಲಿಂದ ಹೊರವರ್ತುಲ ರಸ್ತೆಯ ಆಫೀಸು ಸೇರುವಾಗ ಒಂಬತ್ತು. ಗುರುವಾರ ರಾತ್ರಿ ಮತ್ತೆ ಬಸ್ಸು, ಶುಕ್ರವಾರ ಬೆಳಿಗ್ಗೆ ಮನೆ, ಸ್ನಾನ ಮಾಡಿ ಒಂಬತ್ತೂವರೆಗೆ ಲಾಗಿನ್. ವಾರಕ್ಕೆ ಎರಡು ರಾತ್ರಿ ಬಸ್ಸಿನಲ್ಲಿ, ಎರಡು ರಾತ್ರಿ ಅಣ್ಣನ ಮನೆಯ ಹಾಲಿನಲ್ಲಿ. ಒಂದು ಸಲಕ್ಕೆ ಅತ್ತಿಗೆ ಹಲಸಿನ ಹಪ್ಪಳ ಕರಿದು ಉಪಚಾರ ಮಾಡಿದರು. ಪ್ರತಿ ವಾರ ಹೋಗಿ ಮಲಗಿದರೆ ಅವರೂ ಮನುಷ್ಯರೇ ಅಲ್ವಾ?

ಆಫೀಸಿನಲ್ಲಿ ಏನಾಯಿತು ಅಂತಲೂ ಹೇಳುತ್ತೇನೆ. ನಮ್ಮ ತಂಡದಲ್ಲಿ ಏಳು ಜನ. ಇಬ್ಬರು ಪುಣೆಯಲ್ಲಿ, ಒಬ್ಬರು ಚೆನ್ನೈಯಲ್ಲಿ. ಹಾಗಾಗಿ ಮೀಟಿಂಗೆಲ್ಲ ಅದೇ ಪರದೆಯಲ್ಲಿ, ಅದೇ ಹೆಡ್‌ಫೋನಿನಲ್ಲಿ. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂತ ಸಿಟ್ಟು ಬಂತು. ಆದರೆ ಬುಧವಾರ ಊಟಕ್ಕೆ ಕೂತಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಫೆಬ್ರುವರಿಯಲ್ಲಿ ನಡುವೆ ಕೆಲಸಕ್ಕೆ ಸೇರಿದವರ ಸಂಬಳವನ್ನು 28ರಿಂದ ಭಾಗಿಸಬೇಕೋ 30ರಿಂದಲೋ ಎಂಬುದು ಅವಳಿಗೆ ಎಷ್ಟೋ ತಿಂಗಳಿಂದ ಇದ್ದ ಅನುಮಾನ. ಚಾಟ್‌ನಲ್ಲಿ ಕೇಳಿದರೆ ಇಷ್ಟೂ ಗೊತ್ತಿಲ್ವಾ ಅಂದುಕೊಳ್ಳುತ್ತಾರೆ ಅಂತ ಹೆದರಿ ಸುಮ್ಮನಿದ್ದಳು. ಕೈ ಒರೆಸುವ ಕಾಗದದ ಮೇಲೆಯೇ ಬರೆದು ತೋರಿಸಿದೆ. ಕಂಪನಿಗೊಂದು ಪದ್ಧತಿ ಇರುತ್ತದೆ, ಮೊದಲು ಅದನ್ನು ನೋಡು ಅಂದೆ. ಐದು ನಿಮಿಷ ಹಿಡಿಯಿತು. ನಾನು ಕೆಲಸ ಕಲಿತದ್ದೂ ಹೀಗೆಯೇ, 2014ರಲ್ಲಿ, ಪಕ್ಕದ ಕುರ್ಚಿಯ ಹಿರಿಯ ಮೇಡಂ ಫೋನಿನಲ್ಲಿ ಜಗಳವಾಡುವುದನ್ನು ಕೇಳಿಸಿಕೊಂಡು. ಹಾಗಾಗಿ ಆಫೀಸು ವ್ಯರ್ಥ ಅಂತ ನಾನು ಹೇಳಲಾರೆ.

ನಮ್ಮ ಮ್ಯಾನೇಜರ್‌ಗೆ ಒಂದು ಅಧ್ಯಯನವನ್ನೂ ಕಳಿಸಿದ್ದೆ. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಜೊತೆಯವರದು, 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು. ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯಲ್ಲಿ 1,600ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟರು. ಕೆಲಸದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಟ್ಟು ಹೋಗುವುದು ಮಾತ್ರ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು, ಅದರಲ್ಲೂ ಹೆಂಗಸರಲ್ಲಿ, ದೂರದಿಂದ ಓಡಾಡುವವರಲ್ಲಿ. ಮ್ಯಾನೇಜರ್ ಜಾಣರು. "ಅವರೂ ಮೂರು ದಿನ ಆಫೀಸಿಗೆ ಬಂದಿದ್ದಾರಲ್ಲಮ್ಮಾ" ಅಂದರು. ನಾನೇ ಅವರ ಕೈಗೆ ಕೋಲು ಕೊಟ್ಟ ಹಾಗಾಯಿತು.

ಅವರ ಇನ್ನೊಂದು ಮಾತಿಗೂ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಮಳೆಗಾಲದಲ್ಲಿ ನೀವು ಸಿಗುವುದೇ ಇಲ್ಲ ಅಂದರು. ಸುಳ್ಳಲ್ಲ. ಜೂನ್ ಬಂತೆಂದರೆ ತಂತಿಯ ಮೇಲೆ ಮರ ಬೀಳುತ್ತದೆ, ಲೈನ್‌ಮನ್ ಪಾಪ ಒಬ್ಬರೇ ಎಷ್ಟು ಕಡೆ ಓಡುತ್ತಾರೆ? ಇನ್ವರ್ಟರ್, ಬ್ಯಾಟರಿ ಅಂತ ನನ್ನ ಕೈಯಿಂದಲೇ 42 ಸಾವಿರ ಹೋಗಿದೆ. ಎರಡು ದಿನ ಕರೆಂಟಿಲ್ಲದಿದ್ದರೆ ಅದೂ ಕೈ ಎತ್ತುತ್ತದೆ. ದೀಪ ಆರಿದ ಕೂಡಲೇ ಅತ್ತೆ ಒಳಗಿನಿಂದ ಕೇಳುತ್ತಾರೆ: "ಕೂಸೇ, ಕರೆಂಟು ಹೋತು, ನಿನ್ನ ಆಫೀಸೂ ಹೋತನೇ?" ಹೋಗದ ಹಾಗೆ ನೋಡಿಕೊಳ್ಳಲು ಮೊಬೈಲ್ ಹಿಡಿದು, ಕೊಡೆ ಹಿಡಿದು, ಜಿಗಣೆ ಕಚ್ಚಿಸಿಕೊಂಡು ಮನೆಯ ಹಿಂದಿನ ಬ್ಯಾಣ, ಅಂದರೆ ಹುಲ್ಲುಗುಡ್ಡ, ಹತ್ತುತ್ತೇನೆ. ಅಲ್ಲಿ ಒಂದು ನೇರಳೆ ಮರದ ಬುಡದಲ್ಲಿ ಸಿಗ್ನಲ್ ಸಿಗುತ್ತದೆ. ಅಲ್ಲಿಂದ ಒಮ್ಮೆ ಮೀಟಿಂಗಿನಲ್ಲಿದ್ದಾಗ ಕೆಳಗೆ ತೋಟದಲ್ಲಿ ಮಾವ ಮಂಗ ಓಡಿಸಲು ಕೂಗಿದರು. ಯಾರಿಗಾದರೂ ಏನಾದರೂ ಆಯಿತಾ ಅಂತ ಚೆನ್ನೈಯವರು ಗಾಬರಿಯಾದರು.

ಆದರೆ ಮಳೆಗಾಲದ ವಾದ ತಿರುಗಿಸಿ ಹಾಕಲೂ ಬರುತ್ತದೆ. ಕುಮಟಾದ ನನ್ನ ಗೆಳತಿಯೂ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು, ಎಷ್ಟೋ ಜೀವ ಹೋಯಿತು. ಅದೇ ತಿಂಗಳ ಕೊನೆಗೆ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಹಳಿಯ ಕೆಳಗೆ ಮಣ್ಣು ಜಾರಿ ಕರಾವಳಿಯಿಂದ ಬೆಂಗಳೂರಿಗೆ ಹೋಗುವ ರೈಲೂ ನಿಂತಿತು. ಇಂಥ ಮಳೆಯಲ್ಲಿ ವಾರಕ್ಕೊಮ್ಮೆ ಘಟ್ಟ ಹತ್ತಿ ಇಳಿ ಅಂತ ಯಾರಾದರೂ ಮಗಳಿಗೆ ಹೇಳುತ್ತಾರಾ?

ನಾನು ಹೇಳಬೇಕಾದದ್ದು ಇಷ್ಟೇ. ವಾರಕ್ಕೆ ಮೂರು ದಿನ ಎನ್ನುವುದು ಬೆಂಗಳೂರಿನೊಳಗೇ ಇರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ. ಅವರಿಗೆ ಅದು ಬೇಸರ, ನಮಗೆ ಅದು ರಾಜೀನಾಮೆ. ದಿನ ಎಣಿಸಲೇಬೇಕೆಂದರೆ ವಾರದ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಾಕಿ. ನಾನು ಮಾರ್ಚ್ ನಡುವಿನಿಂದ ಏಪ್ರಿಲ್ ಮುಗಿಯುವ ತನಕ ಒಂದೂವರೆ ತಿಂಗಳು ಬೆಂಗಳೂರಿನಲ್ಲೇ ಇರುತ್ತೇನೆ. ವರ್ಷದ ಕೊನೆಯ ಲೆಕ್ಕ, ತೆರಿಗೆಯ ಗಲಾಟೆ, ಕೆಲಸ ಜಾಸ್ತಿ ಇರುವುದೂ ಆಗಲೇ. ಹೊಸಬರು ಕಲಿಯುವುದೂ ಆಗಲೇ, ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ. ಉಳಿದಂತೆ ಮೂರು ತಿಂಗಳಿಗೊಮ್ಮೆ ಒಂದು ಪೂರ್ತಿ ವಾರ ಬರುತ್ತೇನೆ, ಆ ವಾರ ಪುಣೆ, ಚೆನ್ನೈಯವರನ್ನೂ ಕರೆಸಿ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಮಳೆಗಾಲದಲ್ಲಿ, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ಮಾತ್ರ ನನ್ನನ್ನು ಊರಲ್ಲಿ ಬಿಡಿ. ಮದ್ದು ಹೊಡೆಯುವುದು ನಾನಲ್ಲ ನಿಜ, ಆದರೆ ಮರ ಹತ್ತುವ ಕೊನೆಗೌಡರಿಗೆ ಹತ್ತು ಗಂಟೆಯ ಚಹಾ ಯಾರು ಕೊಡಬೇಕು? ಅತ್ತೆಗೆ ಮೊಣಕಾಲು ನೋವು.

ಒಂದು ಮಾತು ನಮ್ಮ ಪಂಚಾಯಿತಿಗಳಿಗೂ. ಗ್ರಂಥಾಲಯಕ್ಕೆ ಅರಿವು ಕೇಂದ್ರ ಅಂತ ಹೊಸ ಬೋರ್ಡು ಹಾಕಿದ್ದೀರಿ, ಸಂತೋಷ. ಅಲ್ಲಿ ಒಂದು ದೊಡ್ಡ ಬ್ಯಾಟರಿ, ಕಡಿಯದ ಇಂಟರ್‌ನೆಟ್ ಮತ್ತು ನಾಲ್ಕು ಕುರ್ಚಿ ಇಟ್ಟರೆ ನಾನು ಬಾಡಿಗೆ ಕೊಟ್ಟು ಕೂರುತ್ತೇನೆ. 2020ರ ಮಳೆಗಾಲದಲ್ಲಿ ನಮ್ಮ ಕೇರಿಗೆ ಆರು ಲ್ಯಾಪ್‌ಟಾಪ್ ಬಂದಿದ್ದವು. ಈಗ ಇರುವುದು ಎರಡೇ, ಆಮೇಲೆ ಬಂದ ನನ್ನದೂ ಸೇರಿ.

ಹೊಸ ನಿಯಮ ಮುಂದಿನ ತಿಂಗಳ 1ರಿಂದ. ನಮ್ಮ ಕಂಪನಿಯ ಹಾಜರಿ ಫೈಲು ತುಂಬುವವಳೂ ನಾನೇ. ನನ್ನ ಹೆಸರಿನ ಮುಂದೆ ಏನು ಬರೆಯಲಿ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿ ಒಂಬತ್ತು ದಿನವಾಯಿತು. ಉತ್ತರ ಬಂದಿಲ್ಲ. ಆ ಕಾರಣಕ್ಕೇ, ದಯವಿಟ್ಟು ಹೆಸರು ಹಾಕಬೇಡಿ.

ಇತಿ,
ಒಬ್ಬ ಓದುಗಿ
ಶಿರಸಿ ತಾಲ್ಲೂಕು