36 ಮಿಲಿಮೀಟರ್ ಹೆಂಗಸರ ಅಳತೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ದುಬಾರಿ ಕೈಗಡಿಯಾರ ಕೊಳ್ಳುವವರಿಗೆಂದು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ರೋಲೆಕ್ಸ್ ಡೇಟ್‌ಜಸ್ಟ್ ಗಡಿಯಾರದ ಎರಡು ಅಳತೆಗಳನ್ನು (ಅಂದರೆ ದುಂಡಗಿನ ಭಾಗದ ಅಗಲವನ್ನು) ಅಕ್ಕಪಕ್ಕ ಇಟ್ಟು, 41 ಮಿಲಿಮೀಟರಿನದು ಗಂಡಸರಿಗೆ, 36 ಮಿಲಿಮೀಟರಿನದು ಹೆಂಗಸರಿಗೆ ಎಂದು ಅದರಲ್ಲಿ ಒಂದೇ ಸಾಲಿನಲ್ಲಿ ತೀರ್ಪು ಕೊಡಲಾಗಿದೆ. ಬೆಂಗಳೂರಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ವರ್ನಿಯರ್, ಮೈಕ್ರೋಮೀಟರುಗಳ ನಡುವೆ ಮೂರು ದಶಕ ಕಳೆದು ನಿವೃತ್ತನಾದವನು ನಾನು. ನಿವೃತ್ತಿಯ ನೆನಪಿಗೆಂದು ಮಗಳು ಮತ್ತು ಅಳಿಯ ಸೇರಿ ಇದೇ ಗಡಿಯಾರ ಕೊಡಿಸಲು ಹೊರಟಿದ್ದರಿಂದ, ಇದೇ ಎರಡು ಅಳತೆಗಳ ನಡುವೆ ನಾನೂ ಎರಡು ತಿಂಗಳು ತೂಗಾಡಿದ್ದೇನೆ. ಆ ಅನುಭವದ ಬಲದಿಂದ ಹೇಳುವುದಾದರೆ ಲೇಖನದ ತೀರ್ಪು ಇತಿಹಾಸದ ಪ್ರಕಾರವೂ ತಪ್ಪು, ಅಳತೆಯ ಪ್ರಕಾರವೂ ತಪ್ಪು.

ಮೊದಲು ಇತಿಹಾಸ. ಕಂಪನಿಯ ನಲವತ್ತನೇ ವರ್ಷವಾದ 1945ರಲ್ಲಿ ಡೇಟ್‌ಜಸ್ಟ್ ಬಂದಾಗ ಅದರ ಅಳತೆ 36 ಮಿಲಿಮೀಟರ್, ಮತ್ತು ಅದು ಗಂಡಸರ ಗಡಿಯಾರವಾಗಿಯೇ ಬಂತು. ಹೆಂಗಸರಿಗೆಂದು ಅದಕ್ಕಿಂತ ಬಹಳ ಚಿಕ್ಕದಾದ ಲೇಡಿ-ಡೇಟ್‌ಜಸ್ಟ್ ಬಂದದ್ದು 1957ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಕಟ್ಟಿಕೊಳ್ಳುತ್ತಿದ್ದದ್ದು ಇದೇ 36ರ ಚಿನ್ನದ ಡೇಟ್‌ಜಸ್ಟ್. ಎರಡನೇ ಮಹಾಯುದ್ಧದ ಆ ಸೇನಾಪತಿಯ ಕೈಯಲ್ಲಿ ಅದು ಹೆಂಗಸರ ಗಡಿಯಾರದಂತೆ ಕಂಡಿತೆಂದು ಯಾರೂ ಹೇಳಿದಂತಿಲ್ಲ. ವಾರದ ಹೆಸರನ್ನು ಪೂರ್ತಿಯಾಗಿ ತೋರಿಸುವ ಡೇ-ಡೇಟ್ ಅದೇ ಕಂಪನಿಯ ಅತಿ ಪ್ರತಿಷ್ಠೆಯ ಗಡಿಯಾರ. 1956ರಲ್ಲಿ ಅದು ಬಂದದ್ದೂ 36ರಲ್ಲಿಯೇ, 41ರ ದೊಡ್ಡಣ್ಣ ಅದಕ್ಕೆ ಜೊತೆಯಾದದ್ದು 2008ರಲ್ಲಿ. ಅಂದರೆ ಅರ್ಧ ಶತಮಾನದ ಕಾಲ ಲೋಕದ ಶ್ರೀಮಂತರೂ ಅಧಿಕಾರಸ್ಥರೂ ನಿಮ್ಮ ಲೇಖನ ಹೆಂಗಸರದ್ದೆಂದು ಕರೆದ ಅಳತೆಯನ್ನೇ ಹೆಮ್ಮೆಯಿಂದ ಕಟ್ಟಿಕೊಂಡು ಓಡಾಡಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಊರಿನಲ್ಲಿಯೇ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಆರಂಭವಾದ ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯಿಂದ ಹೊರಬಂದ ‘ಜನತಾ’ವನ್ನು ನೋಡಿ. ನನ್ನ ತಂದೆಯವರದ್ದು ಇಂದಿಗೂ ನನ್ನಲ್ಲಿದೆ. ಕೀ ಕೊಡುವ ತಿರುಪನ್ನು ಬಿಟ್ಟು ವರ್ನಿಯರ್ ಹಿಡಿದರೆ 35 ಮಿಲಿಮೀಟರಿನ ಆಸುಪಾಸು ಬರುತ್ತದೆ. ಮದುವೆಗೆ ಮಾವನ ಮನೆಯಿಂದ, ನಿವೃತ್ತಿಗೆ ಸಹೋದ್ಯೋಗಿಗಳಿಂದ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಅಪ್ಪನಿಂದ ಅಂಥ ಗಡಿಯಾರ ಪಡೆದ ಒಂದು ಇಡೀ ಪೀಳಿಗೆಯ ಗಂಡಸರ ಮಣಿಕಟ್ಟಿಗೆ ಆ ಅಳತೆ ಸಾಕಾಗಿತ್ತು. ನಮ್ಮ ಮಣಿಕಟ್ಟುಗಳು ಈ ಅರವತ್ತು ವರ್ಷಗಳಲ್ಲಿ ಬೆಳೆದಿಲ್ಲ. ಬೆಳೆದದ್ದು ಅಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಗಡಿಯಾರಗಳು.

ಅವು ಬೆಳೆದ ಬಗೆಯೂ ನೇರವಾದುದಲ್ಲ. ರೋಲೆಕ್ಸ್‌ನದೇ ಎಕ್ಸ್‌ಪ್ಲೋರರ್ 1953ರಲ್ಲಿ 36 ಇದ್ದದ್ದು 2010ರಲ್ಲಿ 39 ಆಯಿತು, 2021ರಲ್ಲಿ ಮತ್ತೆ 36ಕ್ಕೆ ಇಳಿಯಿತು, 2023ರಲ್ಲಿ ಅದರ ಪಕ್ಕಕ್ಕೆ 40ರದ್ದೊಂದು ಬಂದು ನಿಂತಿತು. ಡೇಟ್‌ಜಸ್ಟ್‌ನ ಕಥೆ ಇನ್ನೂ ಪಾಠ ಕಲಿಸುವಂಥದ್ದು. 2009ರಲ್ಲಿ ‘ಡೇಟ್‌ಜಸ್ಟ್ II’ ಎಂಬ ಹೆಸರಿನಲ್ಲಿ 41ರ ಗಡಿಯಾರ ಬಂತು; ಅದರ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಉಂಗುರ ದಪ್ಪ, ಚೈನು ಸಿಕ್ಕಿಸುವ ಕೊಂಬುಗಳೂ ದಪ್ಪ. 2016ರಲ್ಲಿ ಅದರ ಜಾಗಕ್ಕೆ ಬಂದ ‘ಡೇಟ್‌ಜಸ್ಟ್ 41’ ಅಗಲದಲ್ಲಿ ಅದೇ 41 ಆಗಿದ್ದರೂ, ಬೆಜೆಲನ್ನೂ ಕೊಂಬುಗಳನ್ನೂ ಸಣ್ಣಗೆ ಮಾಡಿದ್ದರಿಂದ ಕೈಯ ಮೇಲೆ ಒಂದು ಸುತ್ತು ಚಿಕ್ಕದಾಗಿಯೇ ಕಾಣುತ್ತದೆ. ಒಂದೇ ಸಂಖ್ಯೆಯನ್ನು ಹೊತ್ತ ಎರಡು ಗಡಿಯಾರಗಳು ಇಷ್ಟು ಬೇರೆಯಾಗಿ ಕಾಣುವುದಾದರೆ, ಆ ಸಂಖ್ಯೆಯೊಂದನ್ನೇ ನಂಬಿ ಇದು ಗಂಡು, ಅದು ಹೆಣ್ಣು ಎಂದು ವಿಂಗಡಿಸುವುದು ಹೇಗೆ ಸರಿಯಾದೀತು?

ಇನ್ನು ಅಂಗಡಿಯ ಅನುಭವ. ನಗರದ ಒಂದು ಮಳಿಗೆಗೆ (ಹೆಸರು ಬೇಡ) ನಾವು ಮೂವರೂ ಹೋದಾಗ ಮಾರಾಟದ ಹುಡುಗ ನನ್ನ ಕೈಯನ್ನು ನೋಡುವ ಮೊದಲೇ 41ರದ್ದನ್ನು ತೆಗೆದಿಟ್ಟ. 36ರದ್ದನ್ನು ತೋರಿಸಲು ಕೇಳಿದರೆ, “ಅದು ಯೂನಿಸೆಕ್ಸ್ ಸಾರ್, ನಿಮ್ಮ ಪರ್ಸನಾಲಿಟಿಗೆ ಇದೇ ಸರಿ” ಎಂದ. ನನ್ನ ಪರ್ಸನಾಲಿಟಿ ಐದಡಿ ಐದಂಗುಲ, ಮಣಿಕಟ್ಟಿನ ಸುತ್ತಳತೆ 16 ಸೆಂಟಿಮೀಟರ್. ಮಗಳೂ ಅವನ ಪರವಾಗಿಯೇ, “ಅಪ್ಪಾ, ಇಷ್ಟು ದುಡ್ಡು ಕೊಟ್ಟ ಮೇಲೆ ನಾಲ್ಕು ಜನರ ಕಣ್ಣಿಗೆ ಕಾಣೋ ಹಾಗಿರಲಿ” ಎಂದಳು. ಅವಳ ಮಾತಿನಲ್ಲಿ ಪ್ರೀತಿಯಿತ್ತು, ಆದ್ದರಿಂದ ಅಲ್ಲಿ ವಾದ ಮಾಡದೆ ಎದ್ದುಬಂದೆ. ಎರಡನೆಯ ಸಲ ಬೇರೊಂದು ಕಡೆ ಎರಡೂ ಅಳತೆಗಳು ಒಟ್ಟಿಗೆ ನೋಡಲು ಸಿಕ್ಕವು. ಲೋಹದ ದವಡೆ ತಾಗಿ ಗೀರು ಬೀಳಬಾರದೆಂದು ಪ್ಲಾಸ್ಟಿಕ್ ವರ್ನಿಯರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಲ್ಲಿನವರು ನಕ್ಕರು, ಆದರೆ ಅಳೆಯಲು ಬಿಟ್ಟರು.

ಗಡಿಯಾರದ ಚೀಟಿಯಲ್ಲಿ ಬರೆದಿರುವುದು ಅದರ ದುಂಡಗಿನ ಭಾಗದ ಅಗಲ ಮಾತ್ರ. ಆದರೆ ಕೈಯ ಮೇಲೆ ಗಡಿಯಾರ ಕೂರುವುದು ಕೈಬೆರಳುಗಳ ದಿಕ್ಕಿಗೆ ಅಡ್ಡವಾಗಿ, ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗೆ. ಗಡಿಯಾರ ರಿಪೇರಿ ಮಾಡುವವರು ಇದನ್ನು ‘ಲಗ್ ಟು ಲಗ್’ ಎನ್ನುತ್ತಾರೆ. ನಾನು ಹಿಡಿದ ಅಳತೆಯಲ್ಲಿ 36ರ ಗಡಿಯಾರಕ್ಕೆ ಇದು 44ರ ಒಳಗೆ ಬಂತು, 41ರದ್ದಕ್ಕೆ 48ರ ಹತ್ತಿರ ಬಂತು. ನನ್ನ ಮಣಿಕಟ್ಟಿನ ಮೇಲ್ಭಾಗದಲ್ಲಿ ಸಮತಟ್ಟಾಗಿರುವ ಜಾಗ ಕೇವಲ 47 ಮಿಲಿಮೀಟರ್; ಅದರಾಚೆಗೆ ಕೈ ದುಂಡಗಾಗಿ ಇಳಿಯುತ್ತದೆ. ಹೀಗಾಗಿ 41ರ ಕೊಂಬುಗಳು ಇಳಿಜಾರಿನ ಅಂಚಿಗೆ ಬಂದು ನಿಂತು, ಅವುಗಳ ಕೆಳಗೆ ಬೆಳಕು ಕಾಣುವಷ್ಟು ಸಂದು ಉಳಿಯುತ್ತಿತ್ತು. ಚೈನಿನ ಮೊದಲ ಕೊಂಡಿಯೂ ತಕ್ಷಣ ಕೆಳಕ್ಕೆ ಬಾಗದೆ ತುಸು ಹೊರಕ್ಕೆ ಚಾಚುವುದರಿಂದ ಆ ಸಂದು ಇನ್ನಷ್ಟು ಎದ್ದು ಕಂಡಿತು. ಚಿಕ್ಕ ಮಂಚದ ಮೇಲೆ ದೊಡ್ಡ ಹಾಸಿಗೆ ಹಾಸಿದರೆ ಅಂಚು ಜೋತುಬೀಳುತ್ತದಲ್ಲ, ಅದೇ ಸ್ಥಿತಿ. ನನ್ನ ಅಳಿಯನ ಮಣಿಕಟ್ಟು 19 ಸೆಂಟಿಮೀಟರ್. ಅವನ ಕೈಯಲ್ಲಿ ಅದೇ 41 ಎಲ್ಲಿಯೂ ಸಂದು ಬಿಡದೆ ಹೊಂದಿಕೊಂಡು ಕೂತಿತು, 36 ತುಸು ಒಂಟಿಯಾಗಿ ಕಂಡಿತು. ಗಂಡು ಹೆಣ್ಣಿನ ಮಾತೇ ಇಲ್ಲಿ ಬರಲಿಲ್ಲ, ಇಬ್ಬರೂ ಗಂಡಸರೇ.

ಐದು ಮಿಲಿಮೀಟರ್ ಎಂದರೆ ಏನು ಮಹಾ ಎಂದು ಕೇಳುವವರಿಗೆ ಒಂದು ಲೆಕ್ಕ. ವೃತ್ತದ ಕ್ಷೇತ್ರಫಲ ಅಗಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, 36ರಿಂದ 41ಕ್ಕೆ ಹೋದಾಗ ಅಗಲ ಶೇಕಡ 14ರಷ್ಟು ಹೆಚ್ಚಿದರೆ ಮುಖದ ಹರವು ಶೇಕಡ 30ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣುವುದು ಈ ಮೂವತ್ತು. ಡಯಲ್ಲಿನ ಬಣ್ಣವೂ ಇದರಲ್ಲಿ ಕೈಯಾಡಿಸುತ್ತದೆ: ಬಿಳಿಯ ಅಥವಾ ಬೆಳ್ಳಿಯ ಡಯಲ್ ಹಿಗ್ಗಿದಂತೆ, ಕಪ್ಪು ಕುಗ್ಗಿದಂತೆ ಕಾಣುತ್ತದೆ. ಸುತ್ತಲೂ ಸಣ್ಣ ಏಣುಗಳನ್ನು ಕೊರೆದ ಹೊಳೆಯುವ ಬೆಜೆಲ್ ಇದ್ದರೆ ಕಣ್ಣು ಅದರ ಮೇಲೆಯೇ ನಿಂತು ಒಳಗಿನ ಡಯಲ್ ಚಿಕ್ಕದೆನಿಸುತ್ತದೆ. (ಆ ಏಣುಗಳು ಮೂಲದಲ್ಲಿ ಅಲಂಕಾರಕ್ಕಾಗಿ ಇದ್ದವಲ್ಲ, ಬೆಜೆಲನ್ನು ಹಲ್ಲುಗಳಿರುವ ಉಪಕರಣದಿಂದ ಹಿಡಿದು ತಿರುಚಿ ನೀರು ನುಗ್ಗದಂತೆ ಬಿಗಿಯಲು ಇದ್ದವು ಎಂಬುದು ನನ್ನಂಥ ಕಾರ್ಖಾನೆಯವನಿಗೆ ಬಹಳ ಹಿಡಿಸಿದ ಸಂಗತಿ.)

41ರ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಅರವತ್ತು ದಾಟಿದ ಕಣ್ಣಿಗೆ ಅಗಲವಾದ ಡಯಲ್ ಮತ್ತು ಉದ್ದವಾದ ಮುಳ್ಳುಗಳು ನಿಜಕ್ಕೂ ಅನುಕೂಲ. ಕನ್ನಡಕ ಹುಡುಕದೆ ಗಂಟೆ ನೋಡಲು ಅದರಿಂದ ಸಾಧ್ಯವಾಯಿತು. ನನ್ನನ್ನು ಒಂದು ವಾರ ಅಲುಗಾಡಿಸಿದ್ದು ಇದೊಂದೇ ಅಂಶ. ಆದರೆ ನಾನು ಕನ್ನಡಕಕ್ಕಾಗಿ ಪರದಾಡುವುದು ತಾರೀಖು ನೋಡುವಾಗ, ಮತ್ತು ತಾರೀಖಿನ ಮೇಲೆ ಅಂಕಿಯನ್ನು ಎರಡೂವರೆ ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿ ಎರಡೂ ಅಳತೆಗಳಲ್ಲಿ ಇದೆ.

ಯಂತ್ರದ ವಿಷಯದಲ್ಲಿ ಆರಿಸಿಕೊಳ್ಳಲು ಏನೂ ಇಲ್ಲ. ಈಗಿನ ಎರಡೂ ಗಡಿಯಾರಗಳ ಒಳಗಿರುವುದು 3235 ಎಂಬ ಒಂದೇ ಯಂತ್ರ. ಗಡಿಯಾರವನ್ನು ಕೈಯಿಂದ ಕಳಚಿಟ್ಟ ಮೇಲೂ ಸುಮಾರು 70 ಗಂಟೆ ಓಡುತ್ತದೆ, ದಿನಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗದೆಂದು ಕಂಪನಿ ಹೇಳುತ್ತದೆ. ಎರಡೂ 100 ಮೀಟರ್ ನೀರಿಗೆ ಜಗ್ಗುವುದಿಲ್ಲ. ದೊಡ್ಡದಕ್ಕೆ ಕೊಡುವ ಹೆಚ್ಚಿನ ಹಣ ಲೋಹಕ್ಕೇ ಹೊರತು ಕರಾರುವಾಕ್ಕುತನಕ್ಕಲ್ಲ.

ನನ್ನ ಮಟ್ಟಿಗೆ ಪ್ರಶ್ನೆಯನ್ನು ಕೊನೆಗೆ ಬಗೆಹರಿಸಿದ್ದು ಸ್ಕೂಟರು. ಗಾಂಧಿ ಬಜಾರಿನಿಂದ ಟೌನ್‌ಹಾಲ್ ಕಡೆಗೆ ಹೋಗುವ ಹೊತ್ತಿನಲ್ಲಿ ಎಡಗೈ ಎಷ್ಟು ಸಲ ಬ್ರೇಕ್ ಹಿಡಿಯುತ್ತದೆಂಬುದು ಬೆಂಗಳೂರಿನ ಓದುಗರಿಗೆ ಗೊತ್ತು. ಹ್ಯಾಂಡಲಿನ ಮೇಲೆ ಅಂಗೈ ಊರಿ ಮಣಿಕಟ್ಟು ಹಿಂದಕ್ಕೆ ಬಾಗಿದಾಗಲೆಲ್ಲ ಅಗಲವಾದ ಗಡಿಯಾರದ ಕೀ ಕೊಡುವ ತಿರುಪು ಅಂಗೈಯ ಹಿಂಭಾಗಕ್ಕೆ ಒತ್ತುತ್ತದೆ. ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಕೂತು ಕೈಯನ್ನು ನೇರವಾಗಿ ಚಾಚಿ ನೋಡುವವನಿಗೆ ಇದು ತಿಳಿಯುವುದೇ ಇಲ್ಲ. ಅಲ್ಲಿನ ಮೇಜಿನ ಅಂಚನ್ನೇ ಹ್ಯಾಂಡಲ್ ಎಂದುಕೊಂಡು ಹಿಡಿದು ನೋಡಿದೆ: 41 ಒತ್ತಿತು, 36 ಒತ್ತಲಿಲ್ಲ. ಮಳಿಗೆಯವರು ಎರಡನೆಯ ಸಲ ನಕ್ಕರು.

ಮೊಬೈಲಿನಲ್ಲಿ ಕೈಯ ಚಿತ್ರ ತೆಗೆದು ನಾಲ್ಕು ಜನರಿಗೆ ಕಳಿಸಿ ಅಭಿಪ್ರಾಯ ಕೇಳುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಕ್ಯಾಮೆರಾಗೆ ಹತ್ತಿರವಿರುವ ಗಡಿಯಾರ ಹಿಗ್ಗಿ, ಹಿಂದಿರುವ ಕೈ ಸೊರಗಿ ಕಾಣುತ್ತದೆ. ಎದುರಿನವರು ನಮ್ಮನ್ನು ನೋಡುವುದು ನಾಲ್ಕೈದು ಅಡಿ ದೂರದಿಂದ. ಆದ್ದರಿಂದ ನಿಲುವುಗನ್ನಡಿಯ ಮುಂದೆ ಕೈಯನ್ನು ಇಳಿಬಿಟ್ಟು ನೋಡುವುದೇ ಸರಿಯಾದ ಪರೀಕ್ಷೆ. ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ 44 ಮತ್ತು 48 ಮಿಲಿಮೀಟರಿನ ಎರಡು ತುಂಡು ಕತ್ತರಿಸಿ, ಮಣಿಕಟ್ಟಿನ ಮೇಲೆ ಅಡ್ಡಲಾಗಿ ಇಟ್ಟುಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇದನ್ನು ಬೆಳಿಗ್ಗೆಗಿಂತ ಮಧ್ಯಾಹ್ನ ಮಾಡುವುದು ಒಳ್ಳೆಯದು, ಏಕೆಂದರೆ ಬೇಸಗೆಯ ಬಿಸಿಲಿನಲ್ಲಿ ಕೈ ಊದಿಕೊಳ್ಳುತ್ತದೆ. ಎರಡು ಸಾವಿರ ರೂಪಾಯಿಯ ಟೈಟಾನ್ ಕೊಳ್ಳುವವರಿಗೂ ಈ ರಟ್ಟಿನ ಪರೀಕ್ಷೆ ಅಷ್ಟೇ ಉಪಯೋಗಕ್ಕೆ ಬರುತ್ತದಾದ್ದರಿಂದ, ಶ್ರೀಮಂತರ ಗಡಿಯಾರದ ಬಗ್ಗೆ ಇಷ್ಟುದ್ದ ಪತ್ರವೇಕೆ ಎಂದು ಓದುಗರು ಬೇಸರಿಸಬಾರದಾಗಿ ವಿನಂತಿ.

ನಾನು 36ನ್ನೇ ಆರಿಸಿದೆ. ಮಗಳು ಒಪ್ಪಿದಳು, ಪೂರ್ತಿ ಮನಸ್ಸಿನಿಂದಲ್ಲ. ಮಳಿಗೆಯಲ್ಲಿ ಹೆಸರು ಬರೆಸಿ ಬಂದಿದ್ದೇವೆ, ಗಡಿಯಾರ ಯಾವಾಗ ಬರುವುದೆಂದು ಅವರು ಹೇಳಿಲ್ಲ. ಅದುವರೆಗೆ ಅವೆನ್ಯೂ ರಸ್ತೆಯಲ್ಲಿ ಸರ್ವೀಸ್ ಮಾಡಿಸಿಕೊಂಡು ಬಂದ ತಂದೆಯವರ ಜನತಾಗೆ ಪ್ರತಿದಿನ ಬೆಳಿಗ್ಗೆ ಕೀ ಕೊಡುತ್ತಿದ್ದೇನೆ.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಪುರವಣಿಯ ಆ ಲೇಖನದ ಜೊತೆಗಿದ್ದ ಪಟ್ಟಿಯಲ್ಲಿ 36ರ ಎದುರು ಅಚ್ಚಾಗಿರುವ ‘ಮಹಿಳೆಯರಿಗೆ’ ಎಂಬ ಪದಕ್ಕೆ ತಿದ್ದುಪಡಿ ಪ್ರಕಟಿಸಬೇಕು. ಮುಂದೆ ಗಡಿಯಾರಗಳ ಬಗ್ಗೆ ಬರೆಸುವಾಗ ಅಗಲದ ಜೊತೆಗೆ ಕೊಂಬಿನಿಂದ ಕೊಂಬಿನ ಉದ್ದವನ್ನೂ ದಪ್ಪವನ್ನೂ ಕೊಡಬೇಕು. ನಗರದ ಮಳಿಗೆಗಳವರು ಈ ಪತ್ರವನ್ನು ಓದಿದರೆ, ಬೆಲೆಯ ಚೀಟಿಯ ಹಿಂಬದಿಯಲ್ಲಿ ಅದೇ ಎರಡು ಅಂಕಿಗಳನ್ನು ಬರೆದಿಡುವುದಕ್ಕೂ, ಎರಡೂ ಅಳತೆಗಳನ್ನು ಗಿರಾಕಿಯ ಮುಂದೆ ಒಟ್ಟಿಗೆ ಇಡುವುದಕ್ಕೂ ಅವರಿಗೆ ಹೆಚ್ಚಿನ ಖರ್ಚೇನೂ ಬಾರದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತಪಾಸಣಾ ಅಧಿಕಾರಿ
ಬಸವನಗುಡಿ, ಬೆಂಗಳೂರು