ಕಪಾಟು ಬಂತು, ಕೂಡಿಸುವವರು ಎಲ್ಲಿ?

ಮಾನ್ಯ ಸಂಪಾದಕರೇ,

ಗವಿಮಠದ ಜಾತ್ರೆ ಮುಗಿದ ವಾರದಲ್ಲಿ ಮಗಳ ಬಟ್ಟೆ, ಪುಸ್ತಕ ಇಡೋಕೆ ಅಂತ ಆನ್‌ಲೈನ್‌ನಲ್ಲಿ ಮೂರು ಬಾಗಿಲಿನ ಕಪಾಟು ತರಿಸಿದೆವು. ನಾಲ್ಕು ರಟ್ಟಿನ ಡಬ್ಬಿ ಮನೆಗೆ ಬಂದವು. ಫಿಟ್ಟಿಂಗ್‌ಗೆ ಫೋನ್ ಮಾಡಿದರೆ 'ನಿಮ್ಮ ಪಿನ್‌ಕೋಡ್‌ಗೆ ಆ ಸೌಲಭ್ಯ ಇಲ್ಲ' ಎಂದರು. ಇದನ್ನು ಹಣ ತೆಗೆದುಕೊಳ್ಳುವ ಮುಂಚೆಯೇ ಹೇಳಬೇಕಿತ್ತು, ಅಲ್ವಾ?

ಪರಿಚಯದವರು ಕೊಟ್ಟ ನಂಬರ್‌ ಹಿಡಿದು ಒಬ್ಬ ಹುಡುಗನನ್ನು ಕರೆಸಿದೆವು. 500 ರೂಪಾಯಿ ಅಡ್ವಾನ್ಸ್ ಇಸ್ಕೊಂಡ, ಡ್ರಿಲ್ ಮಷಿನ್‌ನಿಂದಲೇ ಸ್ಕ್ರೂಗಳನ್ನು ಗಿರ್ರನೆ ತಿರುವಿದ. ಕೀಲು ಕೂರುವ ಆರು ತೂತು ಸಡಿಲಾಗಿ ಒಂದು ಬಾಗಿಲು ಜೋತುಬಿತ್ತು. ಊಟ ಮಾಡಿ ಬರ್ತೀನಿ ಅಂತ ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಸಿಟ್ಟು ಬಂದದ್ದು ನಿಜ, ಆದರೆ ಅವನಿಗೂ ಈ ಕೆಲಸ ಯಾರೂ ಕಲಿಸಿದಂತೆ ಕಾಣಲಿಲ್ಲ.

ನಾಲ್ಕು ದಿನ ಡಬ್ಬಿಗಳ ನಡುವೆಯೇ ಓಡಾಡಿದೆವು. ಕೊನೆಗೆ ನಮ್ಮಣ್ಣ ಕಿನ್ನಾಳ ರಸ್ತೆ ಕಡೆಯ ಬಡಿಗೇರ ಕಾಕಾನನ್ನು ಕರೆತಂದ. ಕಾಕಾ ಹಲಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. 'ಇದು ಕಟ್ಟಿಗಿ ಅಲ್ರೀ, ಹೊಟ್ಟು ಅಂಟಿಸಿದ್ದು. ಇದಕ್ಕ ಮಷಿನ್ ಹಚ್ಚಬಾರದು, ಕೈಲೇ ತಿರುವಬೇಕು' ಎಂದರು. ಬೆಂಕಿಕಡ್ಡಿಗಳ ತಲೆ ಮುರಿದು, ಫೆವಿಕಾಲ್‌ನಲ್ಲಿ ಅದ್ದಿ, ಕೆಟ್ಟ ತೂತುಗಳಲ್ಲಿ ಒಂದೊಂದಾಗಿ ಬಿಗಿಯಾಗಿ ತುಂಬಿ, ಹೊರಗೆ ಉಳಿದದ್ದನ್ನು ಉಳಿಯಿಂದ ಸಮ ಮಾಡಿದರು. ರಾತ್ರಿ ಇಡೀ ಒಣಗಲಿ ಅಂತ ಹೇಳಿ ಹೋದವರು ಮರುದಿನ ಹೇಳಿದ ಹೊತ್ತಿಗೇ ಬಂದರು. ಬಾಗಿಲು ಈಗ ಒಂದು ಬೆರಳಿಗೆ ತೆರೆದುಕೊಳ್ಳುತ್ತದೆ.

ಕಟ್ಟಿಗೆಯ ತುಂಡುಗಳನ್ನು ಕೂಡಿಸಿ ಗೊಂಬೆ ಮಾಡುವ ಕಿನ್ನಾಳ ನಮ್ಮ ಮಗ್ಗುಲಲ್ಲೇ ಇದೆ. ಕಸುಬುದಾರರಿಗೆ ಇಲ್ಲಿ ಬರವಿಲ್ಲ. ಅವರು ಎಲ್ಲಿದ್ದಾರೆ ಅನ್ನೋದು ನಮಗೆ ಗೊತ್ತಾಗುವ ದಾರಿ ಇಲ್ಲ, ಅಷ್ಟೇ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಉಂಟು. ಹೀಗೆ ಕಲಿತವರಲ್ಲಿ ಒಪ್ಪಿದವರ ಹೆಸರು, ಫೋನ್ ನಂಬರ್, ಯಾವ ಕೆಲಸ ಬರುತ್ತದೆ ಅನ್ನೋದನ್ನು ವಾರ್ಡುವಾರು ಬರೆದು ನಗರಸಭೆಯ ಬೋರ್ಡಿನಲ್ಲಿ ಹಾಕಲಿ. ಹಳ್ಳಿಗಳಲ್ಲಿ ಪಂಚಾಯಿತಿಯ ಗೋಡೆ ಇದ್ದೇ ಇದೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಅಡ್ವಾನ್ಸ್ ಕೊಡುವಾಗ ಏನು ಕೆಲಸ, ಎಷ್ಟು ಕೂಲಿ, ಯಾವತ್ತು ಮುಗಿಸೋದು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಒಳ್ಳೆಯದು. ನಾನು ಆ ಹುಡುಗನ ಹತ್ತಿರ ಬರೆಸಿಕೊಳ್ಳಲಿಲ್ಲ. ಇನ್ನೊಂದು ಮಾತು. ಕಾಕಾ ಎರಡು ದಿನಕ್ಕೆ ಕೇಳಿದ ಕೂಲಿಯಲ್ಲೂ ನಾನು ಮೊದಲು ನೂರು ರೂಪಾಯಿ ಚೌಕಾಸಿ ಮಾಡಿದ್ದೆ. ಕೆಲಸ ನೋಡಿದ ಮೇಲೆ ಪೂರ್ತಿ ಕೊಟ್ಟೆ. ಅಡುಗೆಮನೆಯ ಕಟ್ಟೆ ಕೆಳಗಿನ ಬಾಗಿಲುಗಳಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ, ಮುಂದಿನ ವಾರ ಬರ್ತಾರೆ.

— ಓದುಗ, ಕೊಪ್ಪಳ